ಹೃ ಧಾತುವಿನ ದೊಡ್ಡಪ್ಪ

ನಿಘಂಟು ಕಚೇರಿಯಲ್ಲಿ ನಮ್ಮ ದೊಡ್ಡಪ್ಪನಿಗೆ 'ಹೃ' ಎಂದೇ ಹೆಸರು. ಸಂಸ್ಕೃತದ ಒಂದೊಂದು ಧಾತುವನ್ನು ಒಬ್ಬೊಬ್ಬರ ಕೊರಳಿಗೆ ಕಟ್ಟುವುದು ಅಲ್ಲಿನ ಪದ್ಧತಿ. ಅದರ ಮೂಲ, ಅದರಿಂದ ಹುಟ್ಟಿದ ಪದಗಳು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಡ್ರಾಯರಿಗೆ ಹಾಕಬೇಕು. ಮುಗಿಸಿದವನಿಗೆ ಬಡ್ತಿ, ಮುಗಿಸದವನು ಇದ್ದಲ್ಲೇ.

ಜಾಣ ಎಂದು ದೊಡ್ಡಪ್ಪನಿಗೆ 'ಹೃ' ಕೊಟ್ಟರು. ಒಯ್ಯುವುದು, ಕಸಿಯುವುದು ಎಂಬ ಅರ್ಥದ ಗೇಣುದ್ದದ ಧಾತು. ಸಂಸಾರ ಮಾತ್ರ ಬೆಟ್ಟದಷ್ಟು. ಆಹಾರ, ವಿಹಾರ, ಸಂಹಾರ, ಪರಿಹಾರ, ವ್ಯವಹಾರ ಎಲ್ಲ ಒಂದೇ ಹೊಟ್ಟೆಯ ಮಕ್ಕಳು. ಇದರ ಮೂಲ 'ಭೃ' ಇರಬಹುದೇ ಎಂಬ ಗುಮಾನಿಗೇ ಒಂದು ಡ್ರಾಯರು ತುಂಬಿತು. ಪಕ್ಕದ ಮೇಜಿನ ಗುಂಡನಿಗೆ ಸಿಕ್ಕಿದ್ದು ನಾಲ್ಕು ಪದಕ್ಕೇ ಸುಸ್ತಾಗುವ ಧಾತು. ಅವನು ಬೇಗ ಮುಗಿಸಿ ಏರುತ್ತಾ ಏರುತ್ತಾ ಕಚೇರಿಗೇ ಯಜಮಾನನಾದ.

"ಮುಗೀತು ಅಂತ ಬರೆದುಕೊಟ್ಟುಬಿಡಿ, ಯಾರು ನೋಡ್ತಾರೆ?" ಎಂದು ದೊಡ್ಡಮ್ಮ ಗೋಗರೆಯುತ್ತಿದ್ದಳು. ಗಂಡ ವಿಭಾಗದ ಮುಖ್ಯಸ್ಥನಾಗಿ ಕೂರಬೇಕು ಎಂಬುದೊಂದೇ ಅವಳ ಆಸೆ. ದೊಡ್ಡಪ್ಪನದೂ ಅದೇ.

"ಇನ್ನೂ ಬರ್ತಾನೇ ಇದಾವೆ ಕಣೇ. ಸುಳ್ಳು ಹೇಳೋದು ಹೇಗೆ?"

ನಿವೃತ್ತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ ಮುಗಿಯಿತು. ಇಸ್ತ್ರಿ ಅಂಗಿ ಹಾಕಿಕೊಂಡು ಗುಂಡನ ಮುಂದೆ ನಿಂತರು. ನಾನು ಅಲ್ಲೇ ಟೈಪಿಸ್ಟ್. ಎಲ್ಲ ಕಿವಿಗೆ ಬಿತ್ತು.

"ಧಾತುಗೀತು ಎಲ್ಲ ಈಗ ಯಾರಿಗೆ ಬೇಕು ಮಾರಾಯ್ರೆ? ನಿಘಂಟನ್ನ ಅಕಾರಾದಿಯಾಗಿ ತರೋದು ಅಂತ ತೀರ್ಮಾನ ಆಯ್ತು. ನಿಮ್ಮ ಚೀಟಿಗಳನ್ನೂ ಹಂಚಿಬಿಡ್ತೀವಿ."

"ಬಡ್ತಿ?"

"ಆ ಪದ್ಧತೀನೂ ಅದರ ಜೊತೆಗೇ ಹೋಯ್ತಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆಹಾರ ಒಬ್ಬನ ಡ್ರಾಯರಿಗೆ ಹೋಯಿತು, ವಿಹಾರ ಇನ್ನೊಬ್ಬಳದಕ್ಕೆ. ಹಕಾರದಿಂದ ಶುರುವಾಗುವ ಬೆರಳೆಣಿಕೆಯ ಪದಗಳಷ್ಟೇ ಇವರ ಪಾಲಿಗೆ ಉಳಿದವು. ಗುಂಡನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಬಾರಿಸಿದ್ದರೆ ನನ್ನ ಅನ್ನಕ್ಕೆ ಕಲ್ಲು.

ಅವತ್ತು ಸಂಜೆ ನಾವಿಬ್ಬರೂ ಮನೆಗೆ ಬಂದಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. "ಆಯ್ತಾ?"

"ಆಯ್ತು. ಮುಖ್ಯಸ್ಥ," ಎಂದರು ದೊಡ್ಡಪ್ಪ. ನನ್ನತ್ತ ನೋಡಲಿಲ್ಲ. ಒಂದು ಚೀಟಿಯಲ್ಲೂ ಸುಳ್ಳು ಬರೆಯದ ಮನುಷ್ಯ. ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಕುರ್ಚಿಗೆಂದು ಹೂವಿನ ಕಸೂತಿ ಹಾಕಿ ದಿಂಬು ಹೊಲಿದಳು. ದೊಡ್ಡಪ್ಪ ಅದನ್ನು ಕಚೇರಿಗೆ ಒಯ್ದು ತಮ್ಮ ಹಳೇ ಮೇಜಿನ ಕೆಳಗೆ ತುರುಕಿದರು.

ನಿವೃತ್ತಿಯ ದಿನ ದಿಂಬು ಮನೆಗೆ ವಾಪಸ್ಸು ಬಂತು. ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹತ್ತಿ ಒಂದಿಷ್ಟೂ ತಗ್ಗಿರಲಿಲ್ಲ.

"ಕೂತೇ ಇಲ್ವಾ ನೀವು?" ಎಂದಳು.

ಹೆಂಡತಿಯ ಎದುರು, ನನ್ನ ಎದುರು, ದೊಡ್ಡಪ್ಪ ಗಳಗಳನೆ ಅತ್ತುಬಿಟ್ಟರು.