ಬಾಯಮ್ಮ ಜಗಲಿಯ ಅಂಚಿಗೆ ಬಂದು ಕೂತದ್ದು

ಮೊನ್ನೆ ಮಣಿಪಾಲದ ಮೆಡಿಕಲ್‌ನಲ್ಲಿ ನನ್ನ ಮುಂದಿದ್ದವರೊಬ್ಬರು ಹೊಟ್ಟೆಗೆ ಅಂಟಿಸುವ ಚೀಲ ಕೇಳಿದರು. ಕೇಳಿದರು ಎಂದರೆ ತಪ್ಪಾದೀತು, ಅಂಗಡಿಯವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಅವನು ಪೆಟ್ಟಿಗೆ ಬಿಚ್ಚಿದಾಗ ರಬ್ಬರಿನಂಥ ಒಂದು ವಾಸನೆ ಬಂತು ನೋಡಿ... ನಾನು ಸೀದಾ ಅರುವತ್ತರ ದಶಕಕ್ಕೆ ಹೋಗಿಬಿಟ್ಟೆ. ನಮ್ಮ ನೆರೆಮನೆಯ ಬಾಯಮ್ಮನ ವಾಸನೆ ಅದು.

ಕಟಪಾಡಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುವುದು ವಾಡಿಕೆ. ನಮ್ಮ ಬಾಯಮ್ಮನ ಗಂಡ ತೀರಿಹೋಗಿದ್ದರು, ಸಂಸಾರ ನಡೆಯುತ್ತಿದ್ದುದು ಮಲ್ಲಿಗೆ ಕಟ್ಟಿ. ನಮ್ಮ ಜಗಲಿ ದೊಡ್ಡದಾದ್ದರಿಂದ ಅಕ್ಕಪಕ್ಕದ ಹೆಂಗಸರೆಲ್ಲ ಬೆಳಿಗ್ಗೆ ಕೊಯ್ದ ಮೊಗ್ಗು ತಂದು, ನನ್ನ ಅಜ್ಜಿಯ ಸುತ್ತ ಚಕ್ಕಳಮಕ್ಕಳ ಹಾಕಿ ಕೂತು, ಬಾಳೆನಾರಿನಲ್ಲಿ ಹೂವಿನ ಚೆಂಡು ಕಟ್ಟುತ್ತಿದ್ದರು. ಕಟ್ಟಿದ್ದೆಲ್ಲ ಒಂದೇ ಬುಟ್ಟಿಗೆ. ಸೈಕಲಿನವನೊಬ್ಬ ಬಂದು ಅದನ್ನು ಉಡುಪಿಗೆ ಒಯ್ಯುತ್ತಿದ್ದ.

ಆ ವರ್ಷ ಬಾಯಮ್ಮನಿಗೆ ಕರುಳಿನ ಕಾಯಿಲೆಯಾಯಿತು. ಮಂಗಳೂರಿನಲ್ಲಿ ಆಪರೇಶನ್. ತಿರುಗಿ ಬಂದಾಗ ಹೊಟ್ಟೆಯಲ್ಲೊಂದು ತೂತು, ಅದಕ್ಕೆ ರಬ್ಬರಿನ ಚೀಲ, ಅದರ ಮೇಲೆ ಹಳೆ ಸೀರೆಯ ಪಟ್ಟಿ. ಕೆಳಗೆ ಹೋಗಬೇಕಾದದ್ದು ಹೊಟ್ಟೆಯಿಂದಲೇ ಹೋಗುತ್ತದಂತೆ ಎಂದು ಊರಿಗೆ ಊರೇ ಮಾತಾಡಿತು. ವಾಸನೆ ಬರುವ ಮೊದಲೇ ಮೂಗು ಮುಚ್ಚಿದವರೂ ಇದ್ದರು.

ಒಂದು ಬೆಳಿಗ್ಗೆ ಬಾಯಮ್ಮ ಮೊಗ್ಗಿನ ಬುಟ್ಟಿ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಸೈಕಲಿನವ ಅಲ್ಲೇ ಇದ್ದ.

"ಅಮ್ಮಾ, ಇದು ದೇವಸ್ಥಾನಕ್ಕೆ, ಮದುಮಗಳ ತಲೆಗೆ ಹೋಗುವ ಹೂ," ಎಂದ ಅಜ್ಜಿಗೆ. "ಇವರು ಮುಟ್ಟಿದ್ದು ಅಂತ ಗೊತ್ತಾದ್ರೆ ಒಬ್ಬನೂ ತಗೊಳ್ಳುದಿಲ್ಲ."

ಬಾಯಮ್ಮ ನಕ್ಕರು.

"ಎಂತ ಮಾರಾಯ, ನಿನಗೆ ಇಲ್ವಾ ಅದು? ನಿನ್ನದು ಹಿಂದೆ, ನನ್ನದು ಮುಂದೆ, ಅಷ್ಟೇ ವ್ಯತ್ಯಾಸ. ನಾನಾದ್ರೆ ಕಣ್ಣಲ್ಲಿ ನೋಡಿ ತೊಳೀತೇನೆ. ನೀನು?"

ಅಜ್ಜಿಯ ಪಕ್ಕ ಕೂತಿದ್ದ ನನ್ನ ಚಿಕ್ಕಮ್ಮ ನಕ್ಕ ರಭಸಕ್ಕೆ ಮಡಿಲಿನ ಮೊಗ್ಗೆಲ್ಲ ಚೆಲ್ಲಿತು. ಸೈಕಲಿನವ ಬಗ್ಗಿ ಚೈನು ನೋಡತೊಡಗಿದ. ಅಜ್ಜಿ ನಗಲಿಲ್ಲ. ಚಾಪೆ ಎಳೆದು, "ಬಾ, ಕೂತ್ಕೋ" ಎಂದರು.

"ಹಾಗೆ ಕೂರ್ಲಿಕ್ಕೆ ಆಗುದಿಲ್ಲಮ್ಮ. ಮಡಚಿ ಕೂತ್ರೆ ಚೀಲ ಒತ್ತುತ್ತದೆ. ಕಾಲು ಇಳಿಬಿಡ್ಬೇಕು."

ಕಾಲು ಇಳಿಬಿಡಲು ಇದ್ದದ್ದು ಜಗಲಿಯ ಅಂಚು ಮಾತ್ರ. ಬಾಯಮ್ಮ ಅಲ್ಲಿ ಕೂತರು, ಎಲ್ಲರಿಗೂ ಬೆನ್ನು ಹಾಕಿ, ಅಂಗಳಕ್ಕೆ ಮುಖ ಮಾಡಿ, ಒಬ್ಬರೇ. ಜೋರು ಬಾಯಿಯ ಆ ಹೆಂಗಸಿನ ಬೆನ್ನು ಎಷ್ಟು ಸಣ್ಣದು ಅಂತ ನಾನು ನೋಡಿದ್ದು ಆವತ್ತೇ... ಆಗ ಅಜ್ಜಿ ಮಂಡಿ ಹಿಡಿದುಕೊಂಡು ಎದ್ದರು. ನಡೆದು ಹೋಗಿ ಬಾಯಮ್ಮನ ಪಕ್ಕ ಕಾಲು ಇಳಿಬಿಟ್ಟು ಕೂತರು. ಹಿಂದಿನಿಂದ ಚಿಕ್ಕಮ್ಮ. ಆಮೇಲೆ ಎಲ್ಲರೂ, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ.

"ಒಯ್ಯುದಾದ್ರೆ ಎಲ್ಲರದ್ದೂ ಒಯ್ಯಿ. ಇಲ್ಲದಿದ್ರೆ ಖಾಲಿ ಸೈಕಲ್ ತುಳ್ಕೊಂಡು ಹೋಗು," ಎಂದರು ಅಜ್ಜಿ. ಒಯ್ದ. ಒಯ್ಯದೆ ಎಂತ ಮಾಡುತ್ತಾನೆ?

ಮರುದಿನ ಅಜ್ಜ ನಮ್ಮ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದರು. ಅಷ್ಟರವರೆಗೆ ಅದಕ್ಕೆ ಚಿಲಕವೇ ಇರಲಿಲ್ಲ. ಹಂಡೆಯಲ್ಲಿ ಬಿಸಿನೀರು ಯಾವಾಗಲೂ ಇರುತ್ತಿತ್ತು. ಕಟ್ಟುವ ನಡುವೆ ಬಾಯಮ್ಮ ಚೀಲದ ಮೇಲೆ ಕೈಯಿಟ್ಟು, "ದೊರೆಗಳು ಎದ್ರು, ಈಗ ಬಂದೆ" ಎಂದು ಒಳಗೆ ಹೋಗುತ್ತಿದ್ದರು. ಮಾತಿನ ಮಧ್ಯೆ ಹೊಟ್ಟೆ ಗುಡುಗುಡು ಎಂದರೆ ಅದಕ್ಕೇ ಬೈಗುಳ: "ದೊಡ್ಡವರು ಮಾತಾಡುವಾಗ ನಡುವೆ ನಿನ್ನದೆಂತದು?" ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಮನುಷ್ಯರು ತಮ್ಮ ದೇಹದ ಜೊತೆ ಹೀಗೂ ಮಾತಾಡಬಹುದೇ!

ಬಾಯಮ್ಮ ಹೋಗಿ ಎಷ್ಟೋ ಕಾಲವಾಯಿತು. ಅಜ್ಜಿಯೂ ಇಲ್ಲ. ನಮ್ಮ ಸಂಬಂಧಿಕರಲ್ಲೇ ಒಬ್ಬರಿಗೆ ಇದೇ ಆಪರೇಶನ್ ಆಗಿದೆ. ಈಗಿನ ಚೀಲ ಒಳ್ಳೆಯದು, ವಾಸನೆ ಇಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಆದರೂ ಅವರು ಒಂದು ಮದುವೆಗೂ ಬರುವುದಿಲ್ಲ. ಫೋನ್ ಮಾಡಿದರೆ, "ಮೈ ಹುಷಾರಿಲ್ಲ, ನೀವು ಹೋಗಿ ಬನ್ನಿ" ಅಷ್ಟೇ.

ಬಾಯಮ್ಮ ಸೈಕಲಿನವನಿಗೆ ಹೇಳಿದ ಮಾತನ್ನು ಅವರಿಗೆ ಹೇಳೋಣ ಎಂದು ಎರಡು ಸಲ ಬಾಯಿ ತೆರೆದೆ... ಹೇಳಲಿಲ್ಲ. ಅದನ್ನು ಬಾಯಮ್ಮನೇ ಹೇಳಬೇಕು. ನಾನು ಹೇಳಿದರೆ ಬರೀ ತಮಾಷೆ.