ನಲವತ್ತೆರಡನೆಯ ಹೆಸರು

ರಾಜಮತಿ, ಅಂದು ನೀನು ನಕಲು ಮಾಡಿರಲಿಲ್ಲ. ಅದು ನನಗೆ ಆ ಕ್ಷಣವೇ ಗೊತ್ತಿತ್ತು. ಗೊತ್ತಿದ್ದೂ ಇಡೀ ತರಗತಿಯ ಮುಂದೆ ನಿನ್ನನ್ನು ಕಳ್ಳಿ ಎಂದೆ.

ತೊಂಬತ್ತರ ದಶಕದ ಆರಂಭ. ಅಥಣಿಯ ಆ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ನೀನು ಕಾಗವಾಡದ ಕಡೆಯ ಹಳ್ಳಿಯಿಂದ ಎರಡು ಬಸ್ಸು ಹತ್ತಿಳಿದು ಬರುತ್ತಿದ್ದೆ. ಹುಡುಗಿಯರ ಹಾಸ್ಟೆಲಿನಲ್ಲಿ ಎಂಟೇ ಜಾಗ, ಅರ್ಜಿ ಅರವತ್ತನಾಲ್ಕು. ವಶೀಲಿಯ ಮಾತು ಬರಬಾರದೆಂದು ಚೀಟಿ ಎತ್ತುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು — ಅಂದರೆ, ನನಗೆ.

ಯಂತ್ರ ಕೊಡುವ ಅಂಕಿಗಳು ನಿಜವಾದ ಚೀಟಿಗಳಲ್ಲ. ಒಂದು ಆರಂಭದ ಅಂಕಿಯಿಂದ ಲೆಕ್ಕ ಹಾಕಿ ಒಂದರ ಹಿಂದೊಂದು ಹೊರಬರುತ್ತವೆ; ಆ ಆರಂಭಕ್ಕೆ ಸೀಡ್ ಎನ್ನುತ್ತೇವೆ. ಪ್ರತಿ ಸಲ ಹೊಸ ಸೀಡ್ ಕೊಡದಿದ್ದರೆ ಅವೇ ಅಂಕಿಗಳು, ಅದೇ ಸರದಿಯಲ್ಲಿ — ಎಂಟು, ನಲವತ್ತೆರಡು, ಐವತ್ತಾರು... ಅದನ್ನು ತಪ್ಪಿಸಲು ಒಂದೇ ಸಾಲು ಸಾಕಿತ್ತು. ಬರೆಯಲಿಲ್ಲ. ಮರೆತು ಅಲ್ಲ.

ಅರ್ಜಿ ಹಾಕಿದವರಲ್ಲಿ ನನ್ನ ಹೆಂಡತಿಯ ತಂಗಿಯೂ ಇದ್ದಳು.

ಚೀಟಿ ಎತ್ತುವ ಡ್ರಾಗೆ ವಾರವಿರುವಾಗ ನೀನು ವಹಿ ಹಿಡಿದು ಎದ್ದು ನಿಂತೆ. ಅಂಕಿಗಳನ್ನು ಪರೀಕ್ಷಿಸಿ ನೋಡಿ ಎಂದು ನಾನೇ ಕೊಟ್ಟ ಅಭ್ಯಾಸ ಅದು. ಎರಡು ದಿನದ ಅಂಕಿಗಳನ್ನು ಸಾಲಾಗಿ ಬರೆದು ತಾಳೆ ನೋಡಿದವಳು ನೀನೊಬ್ಬಳೇ.

"ಸರ್, ನಿನ್ನಿ ಬಂದ ನಂಬರನ ಇವತ್ತೂ ಬಂದಾವ್ರಿ. ಮಷಿನ್ ಬಂದ್ ಮಾಡಿ ಚಾಲೂ ಮಾಡಿದ್ರೂ ಅವ ಬರ್ತಾವ್ರಿ."

ಎಲ್ಲರೂ ನನ್ನತ್ತ ನೋಡಿದರು. ನನ್ನ ಗುಟ್ಟು ಬಯಲಾಯಿತೆಂದುಕೊಂಡೆ.

"ನಿನ್ನಿ ಪುಟಾ ನೋಡಿ ಬರ್ಕೊಂಡ ಬಂದು ನನಗ ಪಾಠ ಹೇಳ್ತೀಯೇನ? ಕಳ್ಳಿ!"

ಹುಡುಗರು ನಕ್ಕರು. ನೀನು ಅಳಲಿಲ್ಲ, ವಹಿ ಮುಚ್ಚಿ ಕುಳಿತೆ. ನಾನು ಬೋರ್ಡಿನತ್ತ ತಿರುಗಿ ಏನೋ ಬರೆದೆ — ಏನೆಂದು ನೆನಪಿಲ್ಲ.

ಅಂದೇ ಸಂಜೆ ಅರ್ಜಿ ಹಾಕಿದವರ ಪಟ್ಟಿ ತೆಗೆದೆ. ನಲವತ್ತೆರಡನೆಯ ಹೆಸರು ನಿನ್ನದು, ಹತ್ತೊಂಬತ್ತನೆಯದು ನನ್ನ ನಾದಿನಿಯದು. ಯಂತ್ರ ಎತ್ತುವ ಎಂಟು ಅಂಕಿಗಳಲ್ಲಿ ನಲವತ್ತೆರಡು ಇತ್ತು, ಹತ್ತೊಂಬತ್ತು ಇರಲಿಲ್ಲ. ಅದಲುಬದಲು ಮಾಡಿದೆ. ಬೇರೆ ಏಳು ಹೆಸರುಗಳಲ್ಲಿ ಒಂದನ್ನು ತೆಗೆಯಬಹುದಿತ್ತು... ನಿನ್ನದನ್ನೇ ತೆಗೆದೆ. ನೀನು ಕಾಲೇಜಿನಲ್ಲಿ ಉಳಿಯುವುದೇ ನನಗೆ ಬೇಡವಾಗಿತ್ತು.

ಡ್ರಾ ದಿನ ಪ್ರಿನ್ಸಿಪಾಲರೇ ಕೀಲಿ ಒತ್ತಿದರು. ಪಾಲಕರು ಚಪ್ಪಾಳೆ ತಟ್ಟಿದರು. ನಿನ್ನ ಅಪ್ಪ ನಿನ್ನ ಭುಜದ ಮೇಲೆ ಕೈಯಿಟ್ಟು, "ಕಂಪ್ಯೂಟರ್ ಸುಳ್ಳ ಹೇಳ್ತೈತೇನ? ನಡಿ ಮಗಳ," ಎಂದರು. ದೀಪಾವಳಿ ರಜೆ ಮುಗಿದ ಮೇಲೆ ನೀನು ಬರಲಿಲ್ಲ.

ಹಲವು ವರ್ಷಗಳ ನಂತರ ಕುಡಚಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕೆ. ಕಂಕುಳಲ್ಲಿ ಮಗು. ನಮಸ್ಕಾರ ಮಾಡಿ, ಕುಶಲವನ್ನೂ ಕೇಳದೆ ಅಂದೆ: "ಸರ್, ಅವತ್ತು ನಾ ನಕಲ ಮಾಡಿರಲಿಲ್ರಿ."

ನಾನು ನಕ್ಕೆ. "ಯಾವತ್ತವ್ವಾ? ನನಗ ನೆನಪಿಲ್ಲ."

ನೀನು ತಲೆಯಾಡಿಸಿದೆ. ತಪ್ಪು ನಿನ್ನದೇ ಎಂಬಂತೆ.

ಮೊದಲನೆಯದಕ್ಕಿಂತ ಇದು ಹೊಲಸು. ಅಂದು ಹೆದರಿದ್ದೆನೆಂದಾದರೂ ಹೇಳಬಹುದು. ಸ್ಟೇಷನ್ನಿನಲ್ಲಿ ನನಗೆ ಯಾವ ಹೆದರಿಕೆ ಇತ್ತು? ಆ ನಗೆ ಇನ್ನೂ ಬಾಯಲ್ಲಿ ಹಳಸಿ ಕುಳಿತಿದೆ.

ನನ್ನ ನಾದಿನಿ ಈಗ ಒಂದು ಶಾಲೆಯ ಮುಖ್ಯಾಧ್ಯಾಪಕಿ. ಹಾಸ್ಟೆಲ್ ಸಿಕ್ಕಿದ್ದು ತನ್ನ ಪುಣ್ಯ ಎನ್ನುತ್ತಾಳೆ. ಮೊದಲು ಇದನ್ನು ಅವಳ ಮುಂದೆ ಓದುತ್ತೇನೆ. ಆಮೇಲೆ ನಿನ್ನ ಮನೆಗೆ ಬರುತ್ತೇನೆ — ನಿನ್ನ ಗಂಡ, ನಿನ್ನ ಮಕ್ಕಳು ಕೇಳುವಂತೆ ಗಟ್ಟಿಯಾಗಿ ಹೇಳಲು. ಕ್ಷಮೆ ಕೇಳುವುದಿಲ್ಲ. ಕೇಳಿ, ಕೊಡುವ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ.