ಹಿಲ್ಕಳ ಎರಡು ನಿಮಿಷ

ತಾನು ಬರೆದ ಕಂಪ್ಯೂಟರ್ ಕೋಡಿಗೆ ಇನ್ನೊಬ್ಬರು ಕೈ ಹಾಕಬಾರದು ಎಂಬುದು ಐಮೊ ರಿಸ್ಸಾನೆನ್‌ನ ಹಟ. ಕುವೊಪಿಯೊ ಊರಿನ ಪುಟ್ಟ ರೇಡಿಯೊ ನಿಲಯದಲ್ಲಿ ಮುದ್ರಿಸಿದ ಧ್ವನಿಗಳನ್ನೆಲ್ಲ ನೇರವಾಗಿ ಡಿಸ್ಕಿಗೆ ಬರೆದು ಓದುವ ಪ್ರೋಗ್ರಾಮು ಅವನದೇ. ಅವನು ನಿವೃತ್ತನಾಗಿ ಆರು ವರ್ಷವಾದರೂ ಅದು ತಕರಾರಿಲ್ಲದೆ ದುಡಿಯುತ್ತಿತ್ತು. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ನವೆಂಬರಿನಲ್ಲಿ ನಿಲಯ ನೋಡಿಕೊಳ್ಳುವ ರೋನ್ಯಾ ಫೋನು ಮಾಡಿದಳು. ವರ್ಷದ ಹಿಂದೆ ದೊಡ್ಡ ಡಿಸ್ಕು ಹಾಕಿ, ಎಲ್ಲವನ್ನೂ ಅದಕ್ಕೆ ತುಂಬಿ, ಹಳೆಯದನ್ನು ಎಸೆದಿದ್ದರು. ಈಗ ಹಳೆಯ ಧ್ವನಿ ಹಾಕಿದರೆ ಮೊನ್ನೆಯ ಹಾಕಿ ಪಂದ್ಯದ ವರದಿ ಕೇಳಿಸುತ್ತಿತ್ತು.

ನಿಲಯಕ್ಕೆ ಹೋಗಿ ನೋಡಿದ ಕೂಡಲೇ ಐಮೊಗೆ ತಿಳಿಯಿತು. ಡಿಸ್ಕಿನ ಒಂದೊಂದು ಮನೆಗೂ ಒಂದೊಂದು ನಂಬರು. ಆ ನಂಬರಿಗೆ ಅವನು ಅಂದು ಕೊಟ್ಟಿದ್ದ ಜಾಗ ಚಿಕ್ಕದು. ಅದು ತುಂಬಿದ ಮೇಲೆ, ಹಳೆಯ ಕಾರಿನ ಮೀಟರಿನಂತೆ, ಎಣಿಕೆ ಸೊನ್ನೆಗೆ ಮರಳಿ, ಹೊಸ ಧ್ವನಿ ಮೊಟ್ಟಮೊದಲ ಧ್ವನಿಯ ಮೇಲೆ ಹೋಗಿ ಕೂರುತ್ತಿತ್ತು.

ಆ ಮೊದಲ ಧ್ವನಿ ಅವನ ಹೆಂಡತಿ ಹಿಲ್ಕಳದು. ಹನ್ನೆರಡು ವರ್ಷದ ಹಿಂದೆ, ಪ್ರೋಗ್ರಾಮು ಪರೀಕ್ಷಿಸಲೆಂದು, ಸರೋವರದ ಮೇಲೆ ಎಲ್ಲೆಲ್ಲಿ ಹಿಮಗಡ್ಡೆ ಎಷ್ಟು ದಪ್ಪ ಎಂದು ಹತ್ತು ನಿಮಿಷ ಓದಿದ್ದಳು. ಅವಳು ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಅವಳ ದನಿಯ ಒಂದು ತುಣುಕೂ ಇರಲಿಲ್ಲ. ನಿಲಯದಲ್ಲಿದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂದುಕೊಂಡೇ ಇದ್ದ.

ಅದರ ಮೇಲೆ ಹಾಕಿ ವರದಿ ಕೂತು ಎಂಟು ನಿಮಿಷ ಹೋಗಿತ್ತು. ಕೊನೆಯ ಎರಡು ಉಳಿದಿದ್ದವು. ಅವುಗಳ ಕೊನೆಯ ಮಾತನ್ನಷ್ಟೇ ಕೇಳಿದ: "ಸಾಕಾ, ಐಮೊ?" ಮಿಕ್ಕಿದ್ದನ್ನು ಕೆಲಸ ಮುಗಿಸಿ ನೆಮ್ಮದಿಯಾಗಿ ಕೇಳೋಣ ಎಂದುಕೊಂಡ.

"ಮೊದ್ಲು ಒಂದು ನಕಲು ತೆಗೆದಿಟ್ಕೊಳ್ಳೋಣ್ವಾ?" ಎಂದಳು ರೋನ್ಯಾ.

"ನಾನೇನು ನಿನ್ನೆ ಮೊನ್ನೆ ಕೀಬೋರ್ಡು ಮುಟ್ಟಿದವನಾ? ಅರ್ಧ ಗಂಟೆ ಕೆಲ್ಸ. ಹೋಗಿ ಕಾಫಿಗಿಡು."

"ನಿಮ್ಮ ಅರ್ಧ ಗಂಟೆ ನಂಗೊತ್ತಿಲ್ವಾ? ಎರಡು ಫ್ಲಾಸ್ಕ್ ಮಾಡ್ತೀನಿ ಬಿಡಿ."

ನಕಲು ತೆಗೆಯದೆ ಡಿಸ್ಕು ಮುಟ್ಟಬೇಡಿ ಎಂದು ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮಹಾನುಭಾವ ಇವನೇ!

ನಂಬರಿನ ಜಾಗ ದೊಡ್ಡದು ಮಾಡಿದ. ಆಮೇಲೆ ಜೀವಮಾನವಿಡೀ ಮಾಡಿದ್ದನ್ನೇ ಮಾಡಿದ: ಕೊನೆಯ ಧ್ವನಿ ಮುಗಿದಲ್ಲಿಂದ ಮುಂದಕ್ಕೆ, ಎರಡು ನಿಮಿಷದಷ್ಟು, ಪರೀಕ್ಷೆಗೆ ಬಳಸುವ ಗುಂಯ್ ಎಂಬ ಕೂಗನ್ನು ಡಿಸ್ಕಿಗೆ ಬರೆದು, ಮರಳಿ ಓದಿ ಹೋಲಿಸಿದ. ತಾಳೆಯಾಗಲಿಲ್ಲ.

ಓದುವ ಸಾಲುಗಳನ್ನು ತಿದ್ದಿದ್ದ. ಬರೆಯುವ ಸಾಲೊಂದರಲ್ಲಿ ಹಳೆಯ ಚಿಕ್ಕ ಜಾಗವೇ ಉಳಿದುಹೋಗಿತ್ತು. ಹಾಗಾಗಿ ಕೂಗು ಸುತ್ತಿ ಬಂದು, ಹಾಕಿ ವರದಿಯ ಬೆನ್ನಿಗೇ, ಹಿಲ್ಕಳ ಎರಡು ನಿಮಿಷದ ಮೇಲೆಯೇ ಬಿದ್ದಿತ್ತು.

ಆ ಸಾಲನ್ನೂ ತಿದ್ದಿದ. ಮತ್ತೆ ಬರೆದ, ಓದಿದ. ಈ ಸಲ ತಾಳೆಯಾಯಿತು.

"ಸರಿಹೋಯ್ತಾ?" ಕಾಫಿ ತಂದ ರೋನ್ಯಾ ಕೇಳಿದಳು.

"ಹ್ಞೂಂ. ಇನ್ನು ಎಷ್ಟು ದೊಡ್ಡ ಡಿಸ್ಕು ಬೇಕಾದ್ರೂ ಹಾಕ್ಕೋ."

ಅವಳು ಹೋದ ಮೇಲೆ ಕಿವಿಗೆ ಹೆಡ್‌ಫೋನು ಇಟ್ಟುಕೊಂಡು ಮೊದಲ ಧ್ವನಿಯ ಕೊನೆಯ ಎರಡು ನಿಮಿಷ ಹಾಕಿದ. ಗುಂಯ್ ಎಂದು ಒಂದೇ ಸಮನೆ ಕೂಗು. ನಿಲ್ಲಿಸಲಿಲ್ಲ. ಅಂದು ಹಿಲ್ಕ ಕೂತಿದ್ದ ಸ್ಟುಡಿಯೊ ಗಾಜಿನಾಚೆಯ ಖಾಲಿ ಕುರ್ಚಿಯನ್ನೇ ನೋಡುತ್ತ ಪೂರ್ತಿ ಕೇಳಿದ. ಕೂಗು ನಿಂತಾಗ ಮೆಲ್ಲಗೆ ಹೇಳಿದ:

"ಸಾಕು, ಹಿಲ್ಕ."